ಹೋದವರ ಗೋಡೆಯ ಚೀನೀ ಹೆಂಗಸು

ದೆವ್ವ, ಶಕುನ ಎಂದವರನ್ನು ಬಾಯಿಗೆ ಬಂದಂತೆ ಬೈದವನು ನಾನು. ಮುಳಬಾಗಿಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದ ನನಗೆ ಕಣ್ಣಿಗೆ ಕಂಡದ್ದಷ್ಟೇ ಸತ್ಯ. ಇದನ್ನು ನಿಮಗೆ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳದೆ ಇರಲಾರೆ.

ಬೆಂಗಳೂರಿನ ಹಳೇ ಸಾಮಾನಿನ ಸಂತೆಗಳಲ್ಲಿ ಚೀನೀ ಸುರುಳಿಚಿತ್ರ ಹುಡುಕುವುದು ನನಗೊಂದು ಹುಚ್ಚು. ರೇಷ್ಮೆ ಬಟ್ಟೆಯ ಮೇಲೆ ಮಸಿಯಲ್ಲಿ ಬರೆದು, ಕೋಲಿಗೆ ಸುತ್ತಿಟ್ಟ ಉದ್ದನೆಯ ಚಿತ್ರಗಳು. ಹೆಚ್ಚಿನವು ನಕಲಿ, ಗೊತ್ತಿದ್ದೂ ತರುತ್ತಿದ್ದೆ. ಎರಡು ವರ್ಷದ ಹಿಂದೆ ಸಿಕ್ಕಿದ ಒಂದರಲ್ಲಿ ಹೆಂಗಸೊಬ್ಬಳು ಹಿಪ್ಪುನೇರಳೆ ಸೊಪ್ಪು ಕೀಳುತ್ತಿದ್ದಳು. ನನ್ನ ಹೆಂಡತಿ ಸರೋಜ ತಾಯಲೂರಿನವಳು, ಸೊಪ್ಪು ಕಿತ್ತೇ ಬೆಳೆದವಳು. ಚಿತ್ರ ನೋಡಿದ್ದೇ ತಡ ನಕ್ಕುಬಿಟ್ಟಳು.

“ಅಯ್ಯೋ, ಇವಳೇನ್ರೀ, ಬರಿಬೆರಳಲ್ಲಿ ಸೊಪ್ಪು ಕೀಳ್ತಾವ್ಳೆ! ಒಂದು ಬಟ್ಟೆ ಚೂರು ಕಟ್ಕೋಬಾರ್ದಾ?”

ಸರೋಜ ಹೊಲಕ್ಕೆ ಹೋದರೆ ತೋರುಬೆರಳಿಗೆ ಹಳೇ ಸೀರೆಯ ಅಂಚು ಸುತ್ತಿ, ಹಲ್ಲಿನಿಂದ ಗಂಟು ಬಿಗಿದು, ಒಂದು ತುದಿಯನ್ನು ಉದ್ದಕ್ಕೆ ಬಿಡುತ್ತಿದ್ದಳು.

ಬಿಸಿಲು ತಾಗಿದರೆ ಚಿತ್ರ ಮಾಸುತ್ತದೆ. ನಮ್ಮ ಮನೆಯಲ್ಲಿ ಬಿಸಿಲು ಬೀಳದ್ದು ನಡುಮನೆಯ ದಕ್ಷಿಣದ ಗೋಡೆ ಒಂದೇ. ಅಲ್ಲಿ ಅಪ್ಪ, ಅಮ್ಮ, ಅಣ್ಣ, ಎಲ್ಲ ತೀರಿಕೊಂಡವರ ಫೋಟೋಗಳು. ಪಕ್ಕದಲ್ಲಿ ಮೊಳೆ ಹೊಡೆಯಲು ಹೋದಾಗ ಸರೋಜ ನನ್ನ ಕೈ ಹಿಡಿದಳು.

“ವದ್ದಂಡಿ, ಬೇಡ. ಅದು ಹೋದೋರ ಗೋಡೆ. ಬದುಕಿರೋರ್ನ ಅಲ್ಲಿ ಹಾಕಬಾರದು.”

“ಈ ಚೀನಾದೋಳು ಬದುಕವ್ಳೆ ಅಂತ ನಿಂಗೆ ಕಾಗದ ಬರೆದವ್ಳಾ? ಹೋಗೇ,” ಎಂದು ಮೊಳೆ ಹೊಡೆದೇಬಿಟ್ಟೆ.

ಎರಡು ತಿಂಗಳಿಗೆ ಅವಳಿಗೆ ಜ್ವರ ಬಂತು. ಕೋಲಾರದ ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಹತ್ತಿದಳು. ಒಂಬತ್ತನೇ ದಿನ ತೀರಿಕೊಂಡಳು.

ತಿಥಿಯ ಮಾರನೇ ದಿನ ಬೆಳಿಗ್ಗೆ, ಅವಳ ಫೋಟೋ ಹಾಕಲೆಂದು ಸ್ಟೂಲು ಹತ್ತಿದೆ. ಪಕ್ಕದ ಚಿತ್ರದತ್ತ ಕಣ್ಣು ಹೋಯಿತು. ಆ ಹೆಂಗಸಿನ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಒಂದು ತುದಿ ಉದ್ದಕ್ಕೆ ಜೋತುಬಿದ್ದಿತ್ತು. ಉಗುರಿನಿಂದ ಕೆರೆದೆ, ಬರಲಿಲ್ಲ. ಅದೇ ಹಳೇ ಮಸಿ, ನೇಯ್ಗೆಯೊಳಗೇ ಇಳಿದಿತ್ತು. ಸ್ಟೂಲಿನಿಂದ ಇಳಿದು, ಫೋಟೋ ತಬ್ಬಿಕೊಂಡು ಅಲ್ಲೇ ಕೂತು ಅತ್ತೆ.

ಮಗಳು ಬಂದು ನೋಡಿದಳು. “ಮೊದ್ಲಿಂದ್ಲೂ ಇದ್ದಿರ್ಬೇಕು ಬಿಡಪ್ಪ. ನೀನು ಗಮನಿಸಿಲ್ಲ ಅಷ್ಟೆ,” ಎಂದಳು.

ಇರಬಹುದು. ನನ್ನ ಕಣ್ಣೇ ಮೋಸ ಮಾಡಿರಬಹುದು. ಆದರೆ ಸರೋಜ ನೋಡಿದ್ದಳಲ್ಲ? ಬರಿಬೆರಳು ಎಂದು ನಕ್ಕಿದ್ದಳಲ್ಲ? ಸಾಕ್ಷಿ ಹೇಳಬೇಕಾದವಳೇ ಈಗಿಲ್ಲ.

ಚಿತ್ರ ತೆಗೆದುಬಿಡೋಣವೆಂದರೆ, ಆ ಗೋಡೆ ಸೇರಿದವರನ್ನು ಕೆಳಗಿಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸರೋಜಳ ಫೋಟೋ ಇನ್ನೂ ಬೀರುವಿನಲ್ಲೇ ಇದೆ. ಬಂದವರೆಲ್ಲ “ಅಮ್ಮಾವ್ರ ಫೋಟೋ ಯಾಕೆ ಹಾಕಿಲ್ಲ ಮೇಷ್ಟ್ರೇ?” ಎಂದು ಕೇಳುತ್ತಾರೆ. ಬದುಕಿದ್ದಾಗಲೇ ಅವಳನ್ನು ಆ ಗೋಡೆಗೆ ನನ್ನ ಕೈಯಾರೆ ಹಾಕಿಬಿಟ್ಟೆ ಎಂದು ಯಾವ ಬಾಯಲ್ಲಿ ಹೇಳಲಿ?