ಹನ್ನೊಂದು ಗೂಟ

ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರಿಗೂ ಅವನು ಗೂಟದ ಮಾವ. ಹೊಸ ದಾರಿ ಎಲ್ಲಿ ಹೋಗಬೇಕು, ಎಲ್ಲಿ ತಿರುಗಬೇಕು ಎಂದು ನೆಲದ ಮೇಲೆ ಗೂಟ ಹೊಡೆದು ತೋರಿಸುವುದು ಅವನ ಮೂವತ್ತನಾಲ್ಕು ವರ್ಷದ ಕಸುಬು. “ದೊಡ್ಡವರಿಗೆಲ್ಲ ಗೂಟದ ಕಾರು, ನನಗೆ ಬರೀ ಗೂಟ” ಎಂದು ತಾನೇ ಹೇಳಿ ತಾನೇ ನಗುತ್ತಿದ್ದ. ನಿವೃತ್ತನಾಗಿ ಎರಡು ವರ್ಷ ಮನೆಯಲ್ಲಿ ಹೆಂಡತಿಗೆ ಅಡ್ಡಡ್ಡ ಓಡಾಡಿ ಬೈಸಿಕೊಂಡಿದ್ದಾಯಿತು. ಅಷ್ಟರಲ್ಲಿ ಕಚೇರಿಯ ಹೊಸ ಇಂಜಿನಿಯರಮ್ಮ ಫೋನು ಮಾಡಿದಳು. ಕೆರೆಯ ಮೂಡಣ ದಡದಲ್ಲಿ ಜನ ಓಡಾಡೋಕೆ ಒಂದು ನಡಿಗೆದಾರಿ ಮಾಡ್ತೀವಿ, ಅಲ್ಲಿರೋ ಜೌಗಿಗೆ ಏಟು ಬೀಳಬಾರದು, ಜೌಗಿನ ಅಂಚು ಗುರುತಿಸೋರು ಈಗ ಯಾರೂ ಉಳಿದಿಲ್ಲ, ಬರ್ತೀರಾ ಮಾವ?

ಆಗಲ್ಲ ಅನ್ನಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ “ಬರ್ತೀನಿ ಮೇಡಂ” ಎಂದುಬಿಟ್ಟ.

ಮೊದಲ ದಿನವೇ ಅದು ಶುರುವಾಯಿತು. ಬೇಸಿಗೆಯ ನಡು, ಬೆಳಗಿನ ಒಂಬತ್ತು ಗಂಟೆ. ಟೇಪಿನ ಒಂದು ತುದಿಯನ್ನು ಗೂಟದ ಮೊಳೆಗೆ ಸಿಕ್ಕಿಸಿ, ಮೂವತ್ತು ಮೀಟರು ಬಿಚ್ಚಿಕೊಂಡು ಹೋಗಿ, ಬಿಗಿಯಾಗಿ ಹಿಡಿದು ಅಂಕಿ ಓದಲು ಬಗ್ಗಿದ. ಕೈಯೊಳಗೆ ಟೇಪು ಜಗ್ಗಿತು. ಟುಕ್, ಟುಕ್. ಎರಡು ಸಲ.

ಆ ಕಡೆ ತುದಿ ಸರಿಯಾಗಿ ಕೂತಿದೆ, ಇನ್ನು ಓದು ಎಂದು ತಿಳಿಸಲು ಭಾವ ಯಾವತ್ತೂ ಕೂಗುತ್ತಿರಲಿಲ್ಲ, ಹೀಗೇ ಎರಡು ಸಲ ಜಗ್ಗುತ್ತಿದ್ದ. ಭಾವ ಅಂದರೆ ಅಕ್ಕನ ಗಂಡ, ಕಸುಬು ಕಲಿಸಿದವನು, ಐದು ವರ್ಷ ಟೇಪಿನ ಆ ತುದಿ ಹಿಡಿದವನು. ಅವನು ತೀರಿಕೊಂಡು ಹದಿಮೂರು ತಿಂಗಳಾಗಿತ್ತು. ತಿರುಗಿ ನೋಡಿದರೆ ಗೂಟ, ಮೊಳೆ, ಅದರ ಹಿಂದೆ ಆಳೆತ್ತರದ ಜೊಂಡು. ಯಾರೂ ಇಲ್ಲ. ಗಾಳಿ ಇರಬೇಕು ಎಂದುಕೊಂಡ. ಗಾಳಿಯಾಗಿದ್ದರೆ ಜೊಂಡು ಅಲ್ಲಾಡಬೇಕಿತ್ತಲ್ಲ!

ಆಮೇಲೆ ದಿನಕ್ಕೆ ಒಂದೆರಡು ಸಲವಾದರೂ ಆಗತೊಡಗಿತು. ಮನೆಗೆ ಬಂದರೆ ಇನ್ನೊಂದು ಪಾಡು. ಗಟ್ಟಿ ಸಿಮೆಂಟಿನ ನೆಲದ ಮೇಲೆ ಕಾಲಿಟ್ಟರೆ ಪಾದದಡಿ ಮೆತ್ತಗೆ ಕುಸಿದಂತಾಗುತ್ತಿತ್ತು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದನ್ನು ಕಂಡು ಹೆಂಡತಿ, “ಏನ್ರೀ ಇದು, ಹೊಸದಾಗಿ ನಡೆಯೋಕೆ ಕಲಿಯೋ ಮಗು ಥರ?” ಎಂದಳು. ಬಿಸಿಲು ಹೊಡೆದಿದೆ ಕಣೇ ಎಂದು ಬಾಯಿ ಮುಚ್ಚಿಸಿದ.

ಭಾವನದು ಒಂದು ಪಾಠವಿತ್ತು. “ನೀರು ಕಂಡ್ರೆ ಇದು ಕೆರೆ ಅನ್ನೋಕೆ ನಮ್ಮಿಬ್ರಿಗೆ ಸಂಬಳ ಯಾಕೋ ಕೊಡ್ಬೇಕು? ನೀರು ಕಾಣದೇ ಇದ್ದಾಗ ಹೇಳ್ಬೇಕು.” ಬೇಸಿಗೆಯಲ್ಲಿ ಜೌಗು ಒಣಗಿ ಮೇಲೆ ಕಲ್ಲಾಗಿರುತ್ತದೆ. ಮೊಳಕೈ ಆಳ ಅಗೆದು ಮಣ್ಣು ತೆಗೆದು ನೋಡಬೇಕು. ಬೂದು ಬಣ್ಣ, ಅದರಲ್ಲಿ ತುಕ್ಕಿನಂಥ ಗೆರೆ, ಮೂಗಿಗೆ ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಜೌಗೇ, ಮೇಲೆ ಲಾರಿ ಓಡಿಸುವಷ್ಟು ಗಟ್ಟಿಯಿದ್ದರೂ ಸರಿ. ಅಂಚಿನಿಂದ ಆಚೆಗೆ ಸರಿದು ಒಣನೆಲದ ಮೇಲೆ ದಾರಿ ಹೋಗಬೇಕು. ದಾಟದೆ ಗತಿಯೇ ಇಲ್ಲ ಎನ್ನುವ ಕಡೆ ಮಣ್ಣು ಸುರಿಯಬಾರದು, ಕಂಬ ನೆಟ್ಟು ಹಲಗೆ ಹಾಸಬೇಕು. ಹಲಗೆಗಳ ನಡುವೆ ಸಂದು ಬಿಡಬೇಕು, ಕೆಳಗಿನ ಹುಲ್ಲಿಗೂ ಬೆಳಕು ಬೇಕಲ್ಲ. ಭಾವ ಇದನ್ನೆಲ್ಲ ದಿನಾ ಹೇಳುತ್ತಿದ್ದ. ಕೇಳಿ ಕೇಳಿ ಇವನ ಕಿವಿ ತೂತಾಗಿತ್ತು.

ಮೂವತ್ತೆರಡು ವರ್ಷದ ಹಿಂದೆ ಅದೇ ಕೆರೆಯ ಪಡುವಣ ದಡದಲ್ಲಿ ಇಂಥದೇ ದಾರಿಗೆ ಇಬ್ಬರೂ ಗೂಟ ಹೊಡೆದಿದ್ದರು. ಆ ದಿನಗಳಲ್ಲಿ ದಿನದ ಹಾಳೆಗೆ ಹಿರಿಯವನು ಬೆಳಗ್ಗೆಯೇ ಸಹಿ ಹಾಕಿಬಿಡುತ್ತಿದ್ದ. ಒಮ್ಮೆ ಅಗೆಯಲು ಇಳಿದರೆ ಸಂಜೆವರೆಗೂ ಕೈಯೆಲ್ಲ ಕೆಸರು, ಕಾಗದ ಮುಟ್ಟುವ ಹಾಗಿರಲಿಲ್ಲ. ಆ ದಿನವೂ ಭಾವ ಸಹಿ ಹಾಕಿ, ಮಧ್ಯಾಹ್ನದೊಳಗೆ ಕೊನೆಯ ತಿರುವಿನ ಗೂಟಗಳನ್ನೂ ಹೊಡೆದು ಮುಗಿಸಿದ. ಅಷ್ಟರಲ್ಲಿ ಮೈ ಕೆಂಡದಂತೆ ಸುಡುತ್ತಿತ್ತು. “ಗೂಟದ ತಲೆಗೆ ಬಣ್ಣ ಬಳಿದುಬಿಡು, ಅಷ್ಟು ಸಾಕು” ಎಂದು ಹೇಳಿ ಮನೆಗೆ ಹೋದ.

ಮೇಲ್ವಿಚಾರಕ ಬೈಕಿನಲ್ಲಿ ಬಂದ. ತಿರುವು ನೋಡಿ ಮುಖ ಸಿಂಡರಿಸಿದ. “ಇದೇನಯ್ಯಾ, ಹಾವು ಹರಿದ ಹಾಗಿದೆ? ನೆಲ ನೋಡಿದ್ರೆ ಕಲ್ಲು! ನಿನ್ನ ಭಾವಂಗೆ ನೆಟ್ಟಗೆ ಒಂದು ಗೆರೆ ಎಳೆಯೋಕೆ ಬರಲ್ವಾ?” ಅಷ್ಟು ಹೇಳಿ ಹೊರಟುಹೋದ. ಗೂಟ ಕೀಳು ಎಂದೇನೂ ಅವನು ಹೇಳಲಿಲ್ಲ. ಅದನ್ನು ಈಗಲಾದರೂ ಸರಿಯಾಗಿ ಹೇಳಬೇಕು.

ಇವನು ನೆಲವನ್ನು ಕಾಲಲ್ಲಿ ಒದ್ದು ನೋಡಿದ. ಕಲ್ಲೇ. ಸದಾ ಮಣ್ಣು ಮೂಸುವ ಭಾವನಿಗಿಂತ ನನಗೂ ನಾಲ್ಕು ಅಕ್ಷರ ಹೆಚ್ಚು ಗೊತ್ತು ಎಂದು ತೋರಿಸುವ ಹುಮ್ಮಸ್ಸು ಬೇರೆ. ಅಗೆದು ನೋಡಲಿಲ್ಲ. ಹನ್ನೊಂದು ಗೂಟ ಕಿತ್ತ, ಇಪ್ಪತ್ತು ಹೆಜ್ಜೆ ಒಳಗೆ ಸರಿಸಿ ನೆಟ್ಟಗೆ ಸಾಲಾಗಿ ಹೊಡೆದ, ಬಣ್ಣ ಬಳಿದ. ಒಂದು ಗಂಟೆಯ ಕೆಲಸ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ನೋಡಿದಾಗ, ಅಯ್ಯೋ, ಎಷ್ಟು ಹೆಮ್ಮೆಪಟ್ಟಿದ್ದ!

ಭಾವನ ಜ್ವರ ಬಿಡುವುದರೊಳಗೆ ಅಲ್ಲಿ ಮಣ್ಣು ಸುರಿದು ಜಲ್ಲಿ ಹಾಸಿ ಆಗಿತ್ತು. ಮಳೆ ಹಿಡಿಯಿತು. ದಾರಿ ಒಡ್ಡಿನಂತೆ ಅಡ್ಡ ನಿಂತಿತು. ಮೇಲ್ಗಡೆ ನೀರು ನಿಂತು ಮರಗಳ ಬೇರು ಕೊಳೆಯಿತು. ಕೆಳಗಡೆ ಒಂದು ಹನಿ ಹರಿಯದೆ ಜೊಂಡೆಲ್ಲ ಒಣಗಿ ಮುಳ್ಳುಗಿಡ ಎದ್ದವು. ಕಪ್ಪೆಗಳ ಗಲಾಟೆಗೆ ಮಾತು ಕೇಳಿಸದಿದ್ದ ಜಾಗದಲ್ಲಿ ಉಸಿರು ಬಿಟ್ಟರೆ ಕೇಳಿಸುವಷ್ಟು ಮೌನ. ಎರಡನೇ ಮಳೆಗಾಲಕ್ಕೆ ದಾರಿಯೇ ನಡುವೆ ಕುಸಿದು ಪಕ್ಕದ ತಡೆಕಂಬಿಗಳು ವಾಲಿದವು. ವಿಚಾರಣೆ ನಡೆಯಿತು. ಹಾಳೆಯ ಮೇಲಿದ್ದದ್ದು ಭಾವನ ಸಹಿ.

“ನನ್ನ ಗೂಟ ಅಲ್ಲಿರಲಿಲ್ಲ ಸಾರ್” ಎಂದ ಭಾವ.

ದೊಡ್ಡ ಅಧಿಕಾರಿ ಇವನ ಕಡೆ ತಿರುಗಿದರು. “ನೀನೂ ಜೊತೆಗಿದ್ಯಲ್ಲ, ಏನಾಯ್ತು?”

ಮದುವೆಯಾಗಿ ಎರಡು ತಿಂಗಳು. ಕೆಲಸ ಕಾಯಂ ಆಗಿ ಎರಡು ವಾರ. “ನಂಗೆ ಗೊತ್ತಿಲ್ಲ ಸಾರ್” ಎಂದ. ಭಾವ ಒಂದು ಗಳಿಗೆ ಇವನನ್ನೇ ನೋಡಿ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ. ಕೆಲಸ ಹೋಯಿತು. ಮುಂದಿನ ಇಪ್ಪತ್ತೊಂಬತ್ತು ವರ್ಷ ಭಾವ ಒಂದು ಗೋದಾಮಿನ ಗೇಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತ. ನೆಲ ಓದಬಲ್ಲವನು ಲಾರಿ ನಂಬರು ಓದುತ್ತ ಕೂತ. ಇವನು ಪಡುವಣ ದಡಕ್ಕೆ ಮತ್ತೆ ಕಾಲಿಡಲಿಲ್ಲ.

ಈಗ ಮೂಡಣ ದಡದಲ್ಲಿ, ಕೆಲಸ ಶುರುವಾದ ಮೂರನೇ ವಾರ, ಗುತ್ತಿಗೆದಾರ ತಿರುವಿನ ಹತ್ತಿರ ಬಂದು ನಿಂತ. ಬೂಟಿನ ಹಿಮ್ಮಡಿಯಿಂದ ನೆಲ ಕುಟ್ಟಿದ. “ಮಾವ, ಇಲ್ಲಿ ನೋಡಿ, ಕಲ್ಲಿನ ಹಾಗಿದೆ. ಒಂದಿಪ್ಪತ್ತು ಹೆಜ್ಜೆ ಒಳಗೆ ಸರಿಸಿದ್ರೆ ದಾರಿ ನೆಟ್ಟಗಾಗುತ್ತೆ. ಯಾರಿಗೆ ಗೊತ್ತಾಗುತ್ತೆ?”

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಗೋದಾಮಿನ ಧೂಳು ಕುಡಿದ ಒಣ ಕೆಮ್ಮು. ಗುತ್ತಿಗೆದಾರನಿಗೆ ಕೇಳಿಸಿದಂತೆ ಕಾಣಲಿಲ್ಲ. ಇವನು ತಿರುಗಿ ನೋಡಲಿಲ್ಲ, ಧೈರ್ಯವೇ ಬರಲಿಲ್ಲ. ಸಲಿಕೆ ತೆಗೆದುಕೊಂಡು ಅಲ್ಲೇ ಅಗೆದ, ಮೊಳಕೈ ಆಳಕ್ಕೆ ಕೈ ಇಳಿಸಿ ಒಂದು ಹಿಡಿ ತೆಗೆದು ಗುತ್ತಿಗೆದಾರನ ಮೂಗಿಗೇ ಹಿಡಿದ. “ಥೂ, ಏನ್ ನಾತ ಮಾವ!” ಎಂದು ಅವನು ಹಾರಿ ಹಿಂದೆ ಸರಿದ.

“ಒಂದು ಗೂಟ ಮುಟ್ಟಿದ್ರೆ ಕೈ ಮುರೀತೀನಿ” ಎಂದ ಇವನು. ಧ್ವನಿ ನಡುಗುತ್ತಿತ್ತು. ಗುತ್ತಿಗೆದಾರನಿಗೆ ಅದು ಸಿಟ್ಟು ಅನ್ನಿಸಿತು.

ಸುದ್ದಿ ಇಂಜಿನಿಯರಮ್ಮನಿಗೆ ಮುಟ್ಟಿತು. ಅವಳಿಗೆ ಖುಷಿಯೋ ಖುಷಿ. ಮರುದಿನ ಬೆಳಗ್ಗೆ ಮೇಜಿನ ಮೇಲೆ ಟೀ ಇಟ್ಟು, ಕೆಲವು ಹಾಳೆ ಮುಂದೆ ಸರಿಸಿದಳು. ಹೊಸ ಕೆಲಸಗಾರರಿಗೆ ಕೊಡುವ ಕೈಪಿಡಿ. ಜೌಗಿನ ಹತ್ತಿರ ದಾರಿ ಮಾಡುವಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಇತ್ತು. ಹಕ್ಕಿ ಮೊಟ್ಟೆಯಿಡುವ ಕಾಲಕ್ಕೆ ಕೆಲಸ ನಿಲ್ಲಿಸುವುದು, ಯಂತ್ರ ಇಳಿಸುವ ಬದಲು ಹಲಗೆ ಹಾಸಿ ಕೈಯಲ್ಲೇ ಸಾಗಿಸುವುದು, ಎಲ್ಲ ಚೆನ್ನಾಗಿ ಬರೆದಿದ್ದಳು.

“ಈ ಪುಟ ನೀವೇ ನೋಡ್ಬೇಕು ಮಾವ. ಪಡುವಣ ದಡದ ಹಳೇ ಕಡತ ಸಿಕ್ತು. ನಾಳೆ ಅಚ್ಚಿಗೆ ಹೋಗುತ್ತೆ. ನೀವೂ ಆಗ ಇದ್ರಿ ಅಲ್ವಾ?”

ಪುಟದ ಮೇಲೆ, ಒಬ್ಬ ಅಜಾಗರೂಕ ಗೂಟಗಾರನಿಂದ ಒಂದು ಜೌಗು ಸತ್ತ ಕತೆ ಎಂದಿತ್ತು. ಕೆಳಗೆ ಹಳೆಯ ದಿನದ ಹಾಳೆಯ ಚಿತ್ರ. ಭಾವನ ಸಹಿ, ಕೊನೆಯಲ್ಲಿ ಎಳೆದ ಆ ಬಾಲದ ಸಮೇತ. ಇನ್ನು ಮುಂದೆ ಸಲಿಕೆ ಹಿಡಿದು ಬರುವ ಪ್ರತಿಯೊಬ್ಬನೂ ಮೊದಲು ಓದುವುದು ಇದನ್ನು. ಭಾವನನ್ನು ಮತ್ತೊಮ್ಮೆ ಗೇಟಿನ ಮುಂದೆ ಕೂರಿಸಿದ ಹಾಗೆ, ಅದೂ ಶಾಶ್ವತವಾಗಿ.

ಅವನು ಟೀ ಲೋಟ ಪಕ್ಕಕ್ಕೆ ಸರಿಸಿದ. “ಇದನ್ನ ತಗೊಂಡು ಹೋಗ್ತೀನಿ ಮೇಡಂ. ನಾಳೆ ಬೆಳಗ್ಗೆ ನಾನು ಬರೋವರ್ಗೂ ಅಚ್ಚಿಗೆ ಕಳಿಸ್ಬೇಡಿ.”

ಮೊದಲು ಅಕ್ಕನಿಗೆ ಹೇಳಬೇಕು. ಅವಳು ಉಗಿದರೆ ಉಗಿಸಿಕೊಳ್ಳಬೇಕು. ಅಲ್ಲಿಂದ ನೇರ ಅಕ್ಕನ ಮನೆಗೇ ಹೋದ.

ಅಕ್ಕ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಭಾವನ ಕೆಲಸ ಹೋದ ವರ್ಷ ಕೊಂಡ ಯಂತ್ರ. ನೆಲದ ತುಂಬ ಬಟ್ಟೆಯ ಚೂರು. ಅವನು ಬಾಗಿಲಲ್ಲೇ ನಿಂತು ಹೇಳಿಬಿಟ್ಟ. “ಅಕ್ಕಾ, ಆ ಗೂಟ ತಪ್ಪು ಹೊಡೆದಿದ್ದು ಭಾವ ಅಲ್ಲ. ನಾನು. ಅವರು ಹೊಡೆದಿದ್ದನ್ನ ಕಿತ್ತು ನಾನು ಸರಿಸಿದೆ.”

ಅಕ್ಕ ತುಳಿಯುವುದನ್ನು ನಿಲ್ಲಿಸಲಿಲ್ಲ. ಹೊಲಿಗೆ ಅಂಚಿನವರೆಗೆ ಹೋಯಿತು. ಹಲ್ಲಿನಿಂದ ದಾರ ಕಡಿದಳು.

“ಗೊತ್ತು” ಎಂದಳು.

“ಯಾವಾಗಿಂದ?”

“ವಿಚಾರಣೆ ಮುಗಿಸಿ ಬಂದ್ರಲ್ಲ, ಆ ಸಂಜೆಯಿಂದ. ದಾರಿ ಅಂಚಿಗೆ ಉಳಿದಿದ್ದ ಗೂಟ ನೋಡಿ ಬಂದಿದ್ರು, ತಲೆ ನೋಡಿದ್ರೆ ಯಾರು ಹೊಡೆದಿದ್ದು ಅಂತ ಗೊತ್ತಾಗುತ್ತಂತೆ. ನೀನು ಎಡಚ. ನಿನ್ನ ಏಟು ಒಂದೇ ಪಕ್ಕಕ್ಕೆ ಬೀಳುತ್ತಂತೆ.”

ಅವನು ಬಟ್ಟೆಯ ಚೂರುಗಳ ನಡುವೆಯೇ ಕೂತ. “ಮತ್ತೆ ಅಲ್ಲೇ ಹೇಳ್ಬಹುದಿತ್ತಲ್ಲ ಅಕ್ಕಾ.”

“ನಾನೂ ಬಾಯಿ ಬಡ್ಕೊಂಡೆ. ಕೇಳಿದ್ರಾ? ‘ಚಿಕ್ಕವನು ಕಣೇ, ಹೆದರಿದಾನೆ. ಒಂದು ವಾರ ಬಿಡು, ಅವನೇ ಬಂದು ಹೇಳ್ತಾನೆ’ ಅಂದ್ರು. ವಾರ ಆಯ್ತು, ತಿಂಗಳಾಯ್ತು. ನೀನು ಭಾನುವಾರ ಭಾನುವಾರ ಬರ್ತಿದ್ಯಲ್ಲ. ನೀನು ಕೂತ ತಕ್ಷಣ ನನ್ನನ್ನ ಟೀ ಮಾಡು ಅಂತ ಒಳಗೆ ಕಳಿಸೋರು. ನಾನಿದ್ರೆ ನಿಂಗೆ ಹೇಳೋಕೆ ನಾಚಿಕೆ ಆಗುತ್ತೆ ಅಂತ. ಅವರಿಗೆ ಟೀ ಆಗ್ತಾನೇ ಇರ್ಲಿಲ್ಲ ಕಣೋ, ಹೊಟ್ಟೆ ಉರಿ ಬರ್ತಿತ್ತು. ಆದ್ರೂ ವರ್ಷಗಟ್ಟಲೆ ಕುಡಿದ್ರು.”

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು. ಅವನು ಅಳುತ್ತ ಹಾಳೆ ತೆಗೆದು ತೋರಿಸಿದ. ಅವಳು ಕನ್ನಡಕ ಏರಿಸಿ ಕೊನೆಯವರೆಗೂ ಓದಿದಳು. ಬಟ್ಟೆಗೆ ಗುರುತು ಹಾಕುವ ಪೆನ್ಸಿಲು ಪಕ್ಕಕ್ಕಿಟ್ಟು, ಡಬ್ಬಿಯಿಂದ ಪೆನ್ನು ಹುಡುಕಿ ಕೊಟ್ಟಳು. “ನನ್ನ ಮುಂದೆ ಅತ್ತು ಏನು ಬಂತು? ಬರಿ.”

ಸಹಿಯ ಚಿತ್ರದ ಕೆಳಗೆ ಅವನು ಎಡಗೈಯಲ್ಲಿ ಬರೆದ. ಈ ಸಹಿ ಹಾಕಿದವರು ಗೂಟಗಳನ್ನು ಸರಿಯಾದ ಜಾಗದಲ್ಲಿ ಹೊಡೆದಿದ್ದರು. ಕಿತ್ತು ಸರಿಸಿದವನು ನಾನು. ವಿಚಾರಣೆಯಲ್ಲಿ ಸುಳ್ಳು ಹೇಳಿದವನೂ ನಾನು. ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ. ಅಕ್ಕ ಅದನ್ನೂ ಓದಿ, ಮಡಚಿ, ಅವನ ಜೇಬಿಗೆ ತಾನೇ ಇಟ್ಟಳು.

ಅವಳು ಯಂತ್ರದ ಸೂಜಿಗೆ ಮತ್ತೆ ದಾರ ಪೋಣಿಸಿದಳು. ಆಮೇಲೆ ಅವಳೇ ಕೇಳಿದಳು. “ಆಸ್ಪತ್ರೆಯಲ್ಲಿ, ಆ ಕೊನೇ ದಿನ, ನೀನು ಬಂದಾಗ್ಲೂ ನನ್ನನ್ನ ಹೊರಗೆ ಕಳಿಸಿದ್ರಲ್ಲ. ಅರ್ಧ ಗಂಟೆ ಇಬ್ರೇ ಇದ್ರಿ. ಅವತ್ತು ಏನು ಮಾತಾಡಿದೆ?”

ಅವನು ನೆನಪಿಸಿಕೊಂಡ. ಮಾತು ಸಿಕ್ಕದೆ ಏನೇನೋ ಒದರಿದ್ದ. “ನಮ್ಮ ಬಚ್ಚಲ ನಲ್ಲಿ ಸೋರ್ತಿದೆ, ಎಷ್ಟು ತಿರುಗಿಸಿದ್ರೂ ನಿಲ್ಲಲ್ಲ ಅಂತ ಹೇಳಿದೆ ಅಕ್ಕಾ.”

“ಹೂಂ” ಎಂದಳು ಅಕ್ಕ. “ನಾನು ಒಳಗೆ ಬಂದ ಮೇಲೆ, ‘ಹೇಳಿದ್ನಾ?’ ಅಂತ ಕೇಳ್ದೆ. ‘ಅವನ ಮನೆ ನಲ್ಲಿ ಸೋರ್ತಿದೆಯಂತೆ, ಒಳಗಿನ ವಾಷರ್ ಹೋಗಿರುತ್ತೆ, ಬದಲಾಯಿಸೋಕೆ ಹೇಳು’ ಅಂದ್ರು. ಆಮೇಲೆ ಮಾತಾಡ್ಲಿಲ್ಲ.”