ಇಳಕಲ್ಲಿಗೆ ಬಂದ ಇನ್ನೊಂದು ದೊಡ್ಡ ಗಾಡಿ

ಹುನಗುಂದದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಅಮಸಿದ್ದಪ್ಪನನ್ನು ಜನ ಗುರುತಿಸುವುದು ಅಂಗಡಿಯಿಂದಲ್ಲ, ಗಾಡಿಯಿಂದ. ಎಪ್ಪತ್ತೇಳನೇ ಇಸವಿಯ ಅಮೇರಿಕದ ಸೆಡಾನ್ ಅದು. ಎಡಗಡೆ ಸ್ಟೇರಿಂಗು, ಮಂಚದಷ್ಟು ಅಗಲದ ಬಾನೆಟ್ಟು. ಓಣಿಯಲ್ಲಿ ತಿರುಗಿಸಬೇಕಾದರೆ ಎದುರು ಮನೆಯವರು ತಮ್ಮ ಬೈಕು ತೆಗೆಯಬೇಕು. ಇಳಕಲ್ಲಿನ ಗ್ರಾನೈಟ್ ವ್ಯಾಪಾರಿಯೊಬ್ಬರು ಮುಂಬೈಯಿಂದ ತಂದು, ಸಾಕಾಗಿ ಗುಜರಿಗೆ ಹಾಕಲು ಹೊರಟಿದ್ದನ್ನು ಇಪ್ಪತ್ತೈದು ವರ್ಷದ ಹಿಂದೆ ಅವನು ಕಾಡಿ ಬೇಡಿ ತಂದುಕೊಂಡಿದ್ದ.

ಆ ಕಾಲದ ಅಮೇರಿಕದ ಗಾಡಿಗಳಲ್ಲಿ ಹೊಗೆ ಕಡಿಮೆಯಾಗಲೆಂದು ಎಂಜಿನ್ನಿನ ತುಂಬ ಸಣ್ಣ ಸಣ್ಣ ರಬ್ಬರ್ ಪೈಪು ಹಬ್ಬಿಸಿರುತ್ತಿದ್ದರು. ಇವನ ಕೈಗೆ ಬರುವಷ್ಟರಲ್ಲಿ ಅವೆಲ್ಲ ಒಣಗಿ ಸೀಳಿದ್ದವು. ಯಾವುದು ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಒಂದು ಭಾನುವಾರ ಎಲ್ಲವನ್ನೂ ಕಿತ್ತೆಸೆದು, ತೂತುಗಳಿಗೆ ಬೋಲ್ಟು ಬಡಿದುಬಿಟ್ಟ. ಅಂದಿನಿಂದ ಗಾಡಿ ಕೆಮ್ಮುತ್ತ, ನಿಂತಲ್ಲಿ ನಡುಗುತ್ತ, ಕರಿ ಹೊಗೆ ಬಿಡುತ್ತ ಓಡಿತು. ಯಾರಾದರೂ ಕೇಳಿದರೆ, ಹಳೆಯ ಗಾಡಿಯೆಂದರೆ ಹೀಗೇ ಎನ್ನುತ್ತಿದ್ದ. ಹೇಳಿ ಹೇಳಿ ತಾನೂ ನಂಬಿದ್ದ. ಮದುವೆ ಮೆರವಣಿಗೆಗೆ ಕರೆಯುತ್ತಿದ್ದರು, ಬಾದಾಮಿಯಲ್ಲಿ ಫೋಟೊ ತೆಗೆಸಿಕೊಳ್ಳುವವರು ಹುಡುಕಿಕೊಂಡು ಬರುತ್ತಿದ್ದರು. ಜಿಲ್ಲೆಗೆಲ್ಲ ಅಂಥದ್ದು ಒಂದೇ ಗಾಡಿ ಎಂಬುದು ಅವನಿಗೆ ಸಾಕಾಗಿತ್ತು.

ಎರಡು ವರ್ಷದ ಹಿಂದೆ ಅದು ಒಂದೇ ಆಗಿ ಉಳಿಯಲಿಲ್ಲ. ಇಳಕಲ್ಲಿನ ಹೈಸ್ಕೂಲ್ ಶಿಕ್ಷಕಿ ಖುಶನುಮಾಗೆ ಮುಂಬೈಯ ಸೋದರಮಾವ ಸಾಯುವಾಗ ತನ್ನ ಗಾಡಿ ಬಿಟ್ಟುಹೋದ. ಎಪ್ಪತ್ತೊಂಬತ್ತರ ಮಾಡೆಲ್ಲು, ತಿಳಿ ಹಸಿರು ಬಣ್ಣ. ಸುದ್ದಿ ತಿಳಿದ ದಿನವೇ ಅಮಸಿದ್ದಪ್ಪ ನೋಡಲು ಹೋದ. ಮನಸ್ಸಿನಲ್ಲಿ, ಆಕೆಗೆ ಸ್ಟಾರ್ಟ್ ಮಾಡಲೂ ಬರಲಿಕ್ಕಿಲ್ಲ, ತಾನೇ ಕಲಿಸಬೇಕಾದೀತು ಎಂದುಕೊಂಡಿದ್ದ. ಆಕೆ ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಎಷ್ಟು ಸದ್ದಿಲ್ಲದೆ ಎಂದರೆ, ನಿಂತಿತೇನೋ ಎಂದು ಅವನು ಬಾಗಿ ನೋಡಿದ.

ಬಾನೆಟ್ಟಿನ ಅಡಿಯಲ್ಲಿ ಒಂದು ಪೈಪೂ ತಪ್ಪಿರಲಿಲ್ಲ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಎಂಬ ನಕ್ಷೆಯ ಚೀಟಿ ಒಳಗೇ ಅಂಟಿಸಿತ್ತು. ಅದನ್ನು ನೋಡಿಕೊಂಡು ಹಳೆಯವನ್ನೆಲ್ಲ ತಾನೇ ಬದಲಿಸಿದೆನೆಂದು ಖುಶನುಮಾ ಹೇಳಿದಳು. ಅಮಸಿದ್ದಪ್ಪ ಚಲೋ ಆಗಿದೆ ಎಂದ. ಚಹಾ ಕುಡಿದ. ಮನೆಗೆ ಬಂದು ಉಣ್ಣಲಿಲ್ಲ. ಹೆಂಡತಿ ಬಾಳಮ್ಮ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲವೆಂದ. ಒಂದು ಲೆಕ್ಕಕ್ಕೆ ಅದು ಖರೆಯೇ ಆಗಿತ್ತು.

ಮುಂದಿನ ಸೀಜನ್ನಿನಲ್ಲಿ ಫೋಟೊದವರು ಹಸಿರು ಗಾಡಿಯ ವಿಳಾಸ ಕೇಳತೊಡಗಿದರು. ಕೇಳುತ್ತಿದ್ದುದು ಇವನನ್ನೇ. ವಿಳಾಸ ಹೇಳಿ, ಮುಂದಿನ ಮಾತಿಗೆ ನಿಲ್ಲದೆ ಮೋಟಾರಿನ ಕೆಲಸಕ್ಕೆ ಬಗ್ಗುತ್ತಿದ್ದ. ರಸ್ತೆಯಲ್ಲಿ ಎದುರಾದರೆ ಖುಶನುಮಾ ನಕ್ಕು ಹಾರ್ನ್ ಹೊಡೆಯುತ್ತಿದ್ದಳು; ಆ ನಗೆಯೂ ಅವನಿಗೆ ಹಂಗಿಸಿದಂತೆ ಕಾಣುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಏನೋ ಕೆಲಸದ ನೆಪದಲ್ಲಿ ಆಕೆಯ ಮನೆಗೆ ಹೋದಾಗ ಗಾಡಿ ಅಂಗಳದಲ್ಲಿತ್ತು. ಎಂಜಿನ್ ನೋಡಲೇ ಎಂದು ಕೇಳಿದ. ಆಕೆ ಬಾನೆಟ್ ಎತ್ತಿಕೊಟ್ಟು ಚಹಾ ತರಲು ಒಳಗೆ ಹೋದಳು. ಅವನ ಕೈ ಒಂದು ಪೈಪಿನ ಕ್ಲಿಪ್ಪು ಬಿಚ್ಚಿ, ಪೈಪನ್ನು ಅರ್ಧ ಎಳೆದಿಟ್ಟಿತು. ಬ್ರೇಕಿನ ಪೈಪು ಅದಲ್ಲ ಎಂದು ನೋಡಿಕೊಂಡೇ ಎಳೆದಿದ್ದ. ಅಷ್ಟರಮಟ್ಟಿಗೆ ಬುದ್ಧಿ ನೆಟ್ಟಗಿತ್ತು.

ಹನ್ನೊಂದಕ್ಕೆ ಫೋನು ಬಂತು. ಕಮತಗಿ ದಾಟುವ ಮೊದಲೇ ಗಾಡಿ ನಿಂತಿದೆ, ಕಾಕಾ ಒಮ್ಮೆ ಬರ್ತೀರಾ ಎಂದು ಖುಶನುಮಾ ಕೇಳಿದಳು. ಅವನು ಬೈಕಿನಲ್ಲಿ ಹೋಗಿ ನೋಡಿದರೆ ಆಕೆಯ ಮುದಿ ತಾಯಿ ಜಾಲಿಗಿಡದ ನೆರಳಲ್ಲಿ, ಕಣ್ಣಿಗೆ ಒದ್ದೆ ಬಟ್ಟೆ ಹಿಡಿದು ಕೂತಿದ್ದಳು. ಬಾಗಲಕೋಟೆಯಲ್ಲಿ ಅಂದು ಆಕೆಯ ಕಣ್ಣಿನ ಆಪರೇಶನ್ ಇತ್ತಂತೆ. ಡಾಕ್ಟರು ಕೊಟ್ಟ ಹೊತ್ತು ಮೀರಿಹೋಗಿತ್ತು. ಇನ್ನು ಮೂರು ವಾರ ಕಾಯಬೇಕು.

ಅಮಸಿದ್ದಪ್ಪ ಬಾನೆಟ್ ತೆಗೆದು ಒಂದು ಗಳಿಗೆಯಲ್ಲಿ ಪೈಪು ಕೂಡಿಸಿದ. ಗಾಡಿ ಎದ್ದಿತು. ನಿನ್ನ ಕೈಗೆ ಅಲ್ಲಾ ಬರಕತ್ತು ಕೊಡಲಿ ಎಂದು ಮುದುಕಿ ಹರಸಿದಳು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಬೈಕಿನ ಕಡೆ ನಡೆದಾಗ ಖುಶನುಮಾ ಹಿಂದೆಯೇ ಬಂದಳು.

“ಕಾಕಾ, ಆ ಪೈಪಿಗೆ ನಾನ ಕ್ಲಿಪ್ ಹಾಕಿದ್ದೆ. ಅದು ತಾನ ಬಿಚ್ಚೂದಿಲ್ಲ.”

ಅವನು ಕೆಳಗೆ ನೋಡಿದ. “ನಾ ಬಿಚ್ಚೀನ್ರಿ, ಅಕ್ಕೋರ.”

“ಯಾಕ್ರಿ?”

“ನಿಮ್ಮ ಗಾಡಿ ಭಾಳ ಚಲೋ ಓಡತಿತ್ತು.”

ಆಕೆ ಬೈಯಲಿಲ್ಲ. ಇನ್ನು ಮೇಲೆ ನಮ್ಮ ಮನೆಗೆ ಬರಬೇಡಿರಿ ಎಂದಷ್ಟೇ ಹೇಳಿ, ತಾಯಿಯನ್ನು ಕೂಡಿಸಿಕೊಂಡು ಹೋದಳು.

ಅವತ್ತೇ ಅವನು ಬಾಳಮ್ಮನ ಮುಂದೆ ಎಲ್ಲ ಹೇಳಿದ. ಆಕೆ ಎಂಟು ದಿನ ಮಾತಾಡಲಿಲ್ಲ. ಅವನು ಗಾಡಿಗೆ ತಾಡಪತ್ರಿ ಹೊದಿಸಿ, ಮದುವೆಗೆ ಕರೆದವರನ್ನೆಲ್ಲ ಇಳಕಲ್ಲಿಗೆ ಕಳಿಸಿದ. ಹೊಟ್ಟೆಕಿಚ್ಚು ಇಳಿದಿತ್ತೆಂದಲ್ಲ. ಆದರೆ ತನ್ನ ಗಾಡಿಯ ಹತ್ತಿರ ಹೋದರೆ ಆ ಒದ್ದೆ ಬಟ್ಟೆ ಕಣ್ಣಿಗೆ ಕಟ್ಟುತ್ತಿತ್ತು. ಮುದುಕಿಯ ಆಪರೇಶನ್ ಆದಮೇಲೆ ಬಾಳಮ್ಮ ಒಬ್ಬಳೇ ಬಸ್ಸು ಹತ್ತಿ, ರೊಟ್ಟಿ ಬುತ್ತಿ ಒಯ್ದು ನೋಡಿ ಬಂದಳು. ಅಲ್ಲಿ ಏನು ಮಾತಾಯಿತೋ ಅವನಿಗೆ ಹೇಳಲಿಲ್ಲ.

ಶ್ರಾವಣದ ಹೊತ್ತಿಗೆ ಖುಶನುಮಾಳ ನಂಬರಿನಿಂದ ಒಂದು ಫೋಟೊ ಬಂತು. ಆ ನಕ್ಷೆಯ ಚೀಟಿ. ಜೊತೆಗೆ ಒಂದಕ್ಷರವೂ ಇರಲಿಲ್ಲ. ಎರಡು ಗಾಡಿಗಳ ಎಂಜಿನ್ ಒಂದೇ ಥರದ್ದಲ್ಲ. ಆದರೂ ಮುಕ್ಕಾಲು ಪಾಲು ಹೊಂದುತ್ತಿತ್ತು. ಅಮಸಿದ್ದಪ್ಪ ಎರಡು ತಿಂಗಳು ಕೂತು ಬೋಲ್ಟು ಬಿಚ್ಚಿದ, ಪೈಪು ಎಳೆದ, ತಪ್ಪಿದ, ಮತ್ತೆ ಎಳೆದ. ಒಂದು ಸಂಜೆ ಎಂಜಿನ್ ಓಡುತ್ತಿದ್ದರೂ ಗಾಡಿ ನಡುಗದೆ ನಿಂತಿತು. ಅವನಿಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಬದಲಿಗೆ, ಇಪ್ಪತ್ತೈದು ವರ್ಷ ಹೀಗೇ ಓಡಿಸಬಹುದಿತ್ತಲ್ಲ ಎಂದುಕೊಳ್ಳುತ್ತ ಕೀಲಿ ತಿರುಗಿಸಿ ಎಂಜಿನ್ ಆರಿಸಿದ.

ಕಳೆದ ಜನವರಿಯಲ್ಲಿ ಪಟ್ಟದಕಲ್ಲಿನಲ್ಲಿ ಫೋಟೊ ತೆಗೆಸುವ ಮದುವೆ ಮನೆಯವರಿಗೆ ಎರಡೂ ಗಾಡಿ ಬೇಕಾದವು. ಖುಶನುಮಾ ಮುಂದೆ ಹೊರಟಳು, ಬಾಳಮ್ಮನನ್ನು ಕೂಡಿಸಿಕೊಂಡು ಅಮಸಿದ್ದಪ್ಪ ಹಿಂದೆ. ಅಮೀನಗಡದ ಚಹಾ ಅಂಗಡಿಯ ಮುಂದೆ ನಿಂತಿದ್ದವರು ಹಸಿರು ಗಾಡಿ ಕಂಡೊಡನೆ ಮೊಬೈಲು ಎತ್ತಿದರು. ಇವನದು ಹಾಯ್ದುಹೋಗುವಾಗ ಹೆಚ್ಚಿನವರು ಮೊಬೈಲು ಇಳಿಸಿಯಾಗಿತ್ತು.

“ಇನ್ನೂ ಉರೀತೈತಿ ಲೇ ಬಾಳೀ,” ಎಂದ ಅವನು.

“ಉರೀಲಿ ಬಿಡ್ರಿ,” ಎಂದಳು ಬಾಳಮ್ಮ. “ನೀವು ನಿಮ್ಮ ಗಾಡಿ ಹೊಡೀರಿ.”

ಐಹೊಳೆಯ ತಿರುವಿನಲ್ಲಿ ಖುಶನುಮಾ ವೇಗ ತಗ್ಗಿಸಿ, ಮುಂದೆ ಹೋಗಿರೆಂದು ಕೈ ಮಾಡಿದಳು. ಅಮಸಿದ್ದಪ್ಪ ಹೋಗಲಿಲ್ಲ. ಹೊಟ್ಟೆಯ ಉರಿ ಹಾಗೇ ಇತ್ತು. ಹಸಿರು ಗಾಡಿಯ ಹಿಂದೆಯೇ ಗಾಡಿ ಹೊಡೆದುಕೊಂಡು ಪಟ್ಟದಕಲ್ಲಿನ ತನಕ ಹೋದ.