ಹೇಡೀಸ್ ಬ್ಲಾಕಿಗೆ ಬಂದ ಬೀಗಿತ್ತಿ

ನಿವೃತ್ತಿಯಾಗುವ ತನಕ ನಾನು ಕಂಟೋನ್ಮೆಂಟಿನ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದವಳು. ಅದರಲ್ಲಿ ಪ್ರಾಚೀನ ಗ್ರೀಸ್ ಒಂದು ಭಾಗ. ಅಷ್ಟು ವರ್ಷಗಳಲ್ಲಿ ಆ ಭಾಗದ ಬಗ್ಗೆ ನನ್ನ ವಿದ್ಯಾರ್ಥಿಗಳು ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಇದು ಎಕ್ಸಾಮಿಗೆ ಬರುತ್ತಾ?" ಬರುತ್ತೆ ಅಂದರೆ ಬರೆದುಕೊಳ್ಳುವರು, ಬರಲ್ಲ ಅಂದರೆ ಕಿಟಕಿಯಾಚೆ ಶಿವಾಜಿನಗರದ ಬಸ್ಸುಗಳನ್ನು ನೋಡುತ್ತ ಕೂರುವರು. ಈಗ ನೋಡಿ, ಪಾಠ ಬಿಟ್ಟು ಹೊರಮಾವಿಗೆ ಬಂದು ನೆಮ್ಮದಿಯಾಗಿರೋಣ ಅಂದರೆ, ಗ್ರೀಕರ ವಿಷಯ ಕೇಳಿ ಕೇಳಿ ಜನ ನನ್ನ ತಲೆ ತಿನ್ನುತ್ತಾರೆ.

ತಪ್ಪೆಲ್ಲ ನಮ್ಮ ಅಪಾರ್ಟ್‌ಮೆಂಟ್ ಕಟ್ಟಿದ ಬಿಲ್ಡರನದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮೂರು ಕಟ್ಟಡ ಎಬ್ಬಿಸಿದ ಪುಣ್ಯಾತ್ಮ, ಹೆಸರು ಫಾರಿನ್ ಆಗಿದ್ದರೆ ರೇಟು ಏರುತ್ತದೆಂದು ಯಾರೋ ಹೇಳಿದ ಮಾತು ಕೇಳಿ, ಗ್ರೀಕ್ ದೇವರುಗಳಲ್ಲಿ ಮೂವರು ಅಣ್ಣತಮ್ಮಂದಿರ ಹೆಸರನ್ನು ಹಿತ್ತಾಳೆ ಅಕ್ಷರದಲ್ಲಿ ಹಾಕಿಸಿಬಿಟ್ಟ. ಜೀಯಸ್ ಬ್ಲಾಕ್, ಪೊಸೈಡನ್ ಬ್ಲಾಕ್, ಹೇಡೀಸ್ ಬ್ಲಾಕ್. ಪೊಸೈಡನ್ ಅಂದರೆ ಸಮುದ್ರದ ಒಡೆಯ. ಅವನ ಬ್ಲಾಕಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಸ್ನಾನ, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಮಾತ್ರ ದೇವರು ಬೇಸ್‌ಮೆಂಟಿನಲ್ಲಿ ಪ್ರತ್ಯಕ್ಷನಾಗಿ ಕಾರುಗಳನ್ನು ತೇಲಿಸುತ್ತಾನೆ. ನಾನಿರುವುದು ಹೇಡೀಸ್ ಬ್ಲಾಕಿನಲ್ಲಿ. ಮನೆ ನೋಡಲು ಬಂದಾಗ ಬೋರ್ಡು ಓದಿ ಒಬ್ಬಳೇ ನಕ್ಕಿದ್ದೆ. ಗಾಳಿ ಬೆಳಕು ಚೆನ್ನಾಗಿತ್ತು, ತಗೊಂಡೆ.

ನಾನು ಏನು ಪಾಠ ಹೇಳುತ್ತಿದ್ದೆ ಎಂದು ಗೊತ್ತಾದದ್ದೇ ತಡ, ಬೆಳಗಿನ ವಾಕಿಂಗ್ ನನಗೆ ಮೌಖಿಕ ಪರೀಕ್ಷೆಯಾಯಿತು. "ಮೇಡಂ, ಜೀಯಸ್ ಅಂದ್ರೆ ನಮ್ಮ ದೇವೇಂದ್ರಾನೇ ತಾನೆ?" ಇಬ್ಬರ ಕೈಯಲ್ಲೂ ಸಿಡಿಲಿದೆ, ಹೆಂಗಸರ ವಿಷಯದಲ್ಲಿ ಇಬ್ಬರ ನಡತೆಯೂ ಅಷ್ಟಕ್ಕಷ್ಟೇ ಎಂದೆ. ಮೊದಲರ್ಧ ಮಾತ್ರ ಕೇಳಿಸಿಕೊಂಡರು. "ಟ್ರಾಯ್ ಯುದ್ಧ ನಮ್ಮ ರಾಮಾಯಣದ ಕಾಪಿ ಅಲ್ವಾ?" "ಅಲೆಕ್ಸಾಂಡರು ನಮ್ಮ ಕಡೆ ಯಾಕೆ ಬರ್ಲಿಲ್ಲ?" ಬಂದಿದ್ದರೂ ಟಿನ್ ಫ್ಯಾಕ್ಟರಿ ಸಿಗ್ನಲ್ಲಿನ ಟ್ರಾಫಿಕ್ಕಿನಲ್ಲಿ ಅವನ ಸೈನ್ಯ ಸಾಕಪ್ಪಾ ಸಾಕು ಅಂತ ತಿರುಗಿ ಹೋಗುತ್ತಿತ್ತು ಎಂದೆ. "ಗ್ರೀಕ್ ಭಾಷೆ ಕನ್ನಡದಿಂದ ಹುಟ್ಟಿದ್ದಂತೆ, ವಾಟ್ಸಾಪಲ್ಲಿ ಬಂದಿದೆ." ಯಾವುದೋ ಹಳೆಯ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಹಾಗೆ ಕೇಳುವ ಮಾತುಗಳಿವೆ ಎಂದು ಕೆಲವು ವಿದ್ವಾಂಸರು ಹೇಳಿದ್ದಾರೆ, ಉಳಿದವರು ಒಪ್ಪಿಲ್ಲ ಎಂದೆ. "ನೋಡಿದ್ರಾ, ಮೇಡಮ್ಮೇ ಹೇಳಿದ್ರು!" ಎಂದು ಅದನ್ನೂ ವಾಟ್ಸಾಪಿಗೆ ಹಾಕಿದರು.

ನನ್ನ ಎದುರು ಮನೆಯಾಕೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ಗಂಡ ತೀರಿಕೊಂಡ ಮೇಲೆ ಆ ಹೊಲಿಗೆಯಲ್ಲೇ ಒಬ್ಬಳೇ ಮಗಳನ್ನು ಓದಿಸಿದವಳು. ಮಗಳಿಗೆ ಗರುಡಾಚಾರ್‌ಪಾಳ್ಯದ ಒಂದು ಆಫೀಸಿನಲ್ಲಿ ಕೆಲಸ. ಅಲ್ಲೇ ಒಬ್ಬ ಹುಡುಗನನ್ನು ಮೆಚ್ಚಿಕೊಂಡಳು. ಹಲಸೂರಿನವನು, ಒಳ್ಳೆಯವನು, ಆದರೆ ತಾಯಿಯ ಎದುರು ಬಾಯಿಯೇ ಬರುವುದಿಲ್ಲ. ಆ ತಾಯಿ ಮದುವೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಸೊಸೆ ಹಬ್ಬಕ್ಕೆ ತವರಿಗೆ ಬರಬಹುದು, ಸಂಜೆಯೊಳಗೆ ವಾಪಸಾಗಬೇಕು. ರಾತ್ರಿ ಉಳಿಯುವ ಪದ್ಧತಿ ಅವರಲ್ಲಿಲ್ಲ. ಎದುರು ಮನೆಯಾಕೆ ಮದುವೆ ತಪ್ಪೀತೆಂದು ಹ್ಞೂಂಗುಟ್ಟಿದಳು. ಮಗಳು ಅಲ್ಲಿ ತುಟಿ ಬಿಚ್ಚದೆ ನನ್ನ ಮನೆಗೆ ಬಂದು ಅತ್ತಳು. "ಆಂಟಿ, ನಂಗೆ ಅವ್ನೂ ಬೇಕು, ಅಮ್ಮಾನೂ ಬೇಕು. ಇದು ದುರಾಸೇನಾ?" ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಟ್ಟು ಕೇಳೇ ಅಂದೆ. "ಕೇಳಿದ್ರೆ ಮದ್ವೇನೇ ನಿಂತೋಗುತ್ತೆ" ಅಂದಳು.

ಈ ಸಂಕಟದ ನಡುವೆಯೇ ಒಂದು ಬೆಳಗ್ಗೆ ಜೀಯಸ್ ಬ್ಲಾಕಿನಲ್ಲಿರುವ ಅಸೋಸಿಯೇಷನ್ ಅಧ್ಯಕ್ಷರು ವಾಕಿಂಗಿನಲ್ಲಿ ನನ್ನ ಜೊತೆಯಾದರು. "ಮೇಡಂ, ನಮ್ಮ ಜೀಯಸ್ಸು ಇಂದ್ರ ಆಯ್ತು, ಪೊಸೈಡನ್ನು ವರುಣ. ನಿಮ್ಮ ಹೇಡೀಸು ಯಾರು?" ಕೇಳಿದರು, ಹೇಳಿದೆ. ಪಾತಾಳದ ದೊರೆ, ಸತ್ತವರೆಲ್ಲ ಅವನ ಪ್ರಜೆಗಳು, ಹೆಚ್ಚುಕಡಿಮೆ ನಮ್ಮ ಯಮ.

ಮನೆಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಹೊತ್ತಿಕೊಂಡು ಉರಿಯುತ್ತಿತ್ತು. ನಮ್ಮ ಲಿಫ್ಟು ಆಗಾಗ ನಿಲ್ಲುವುದು ಇದಕ್ಕೇ! ಮೇಲಿನ ಮನೆಗೆ ಬಾಡಿಗೆಗೆ ಯಾರೂ ಬಾರದಿರುವುದು ಇದಕ್ಕೇ! ಒಬ್ಬರ ಮಂಡಿನೋವಿಗೂ ಕಾರಣ ಸಿಕ್ಕಿತು. ಎಂಜಿನಿಯರುಗಳು, ಮ್ಯಾನೇಜರುಗಳು ಎಲ್ಲ ಸೇರಿ ಶಾಂತಿ ಹೋಮ ಮಾಡಿಸಿದರು. ಪುರೋಹಿತರು ಸಂಕಲ್ಪ ಮಾಡುವಾಗ ತಡೆದು, "ಈ ದೇವರದು ಯಾವ ಗೋತ್ರ?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಗೋತ್ರ ಗೊತ್ತಿಲ್ಲ, ಹುಟ್ಟಿದ ಕೂಡಲೇ ಅವನನ್ನು ಅಪ್ಪನೇ ನುಂಗಿದ್ದ ಎಂದೆ. ಪುರೋಹಿತರು ಒಂದು ಕ್ಷಣ ಕಣ್ಣುಮುಚ್ಚಿ, "ಗೋತ್ರ ಗೊತ್ತಿಲ್ದೋರಿಗೆ ಕಾಶ್ಯಪ ಗೋತ್ರ" ಎಂದು ಮಂತ್ರ ಮುಂದುವರಿಸಿದರು. ಹೀಗೆ ಹೇಡೀಸ್ ಕಾಶ್ಯಪ ಗೋತ್ರದವನಾದ. ಬೋರ್ಡು ಕಣ್ಣಿಗೆ ಬೀಳದಿರಲಿ ಎಂದು ಅದರ ಮೇಲೆ ಹಳೆಯ ರಾಜ್ಯೋತ್ಸವದ ಫ್ಲೆಕ್ಸ್ ಕಟ್ಟಿದರು.

ಆದರೆ ಲಗ್ನಪತ್ರಿಕೆ ಆಗಲೇ ಅಚ್ಚಾಗಿತ್ತು. ಹೆಣ್ಣಿನ ಮನೆಯ ವಿಳಾಸದಲ್ಲಿ ಹೇಡೀಸ್ ಬ್ಲಾಕ್ ಎಂದು ಬಂಗಾರದ ಅಕ್ಷರದಲ್ಲಿ ಹೊಳೆಯುತ್ತಿತ್ತು. ಸುದ್ದಿ ಹಲಸೂರಿಗೆ ಮುಟ್ಟಲು ಎಷ್ಟು ಹೊತ್ತು! ಭಾನುವಾರ ಬರ್ತೀವಿ, ಸ್ವಲ್ಪ ಮಾತಾಡೋದಿದೆ ಎಂದು ಹುಡುಗನ ತಾಯಿಯ ಫೋನು ಬಂತು. ಎದುರು ಮನೆಯಾಕೆ ಕತ್ತಿನಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ನನ್ನ ಮನೆಗೆ ನುಗ್ಗಿದಳು. "ಎಲ್ಲಾ ನಿಮ್ಮಿಂದಾನೇ ಮೇಡಂ! ಯಾರೋ ಕೇಳಿದ್ರು ಅಂತ ಯಮ ಗಿಮ ಅಂತ ಯಾಕ್ ಹೇಳೋಕೋದ್ರಿ? ನೀವೇ ಬಂದು ಕೂತ್ಕೊಂಡು ಸರಿ ಮಾಡಿ. ಸುಳ್ಳಾದ್ರೂ ಹೇಳಿ!"

ಭಾನುವಾರ ಹುಡುಗನ ತಾಯಿ ಎದುರು ಮನೆಗೆ ಬಂದರು. ಕಾಸಿನಗಲ ಕುಂಕುಮ, ಸೆಟೆದ ಬೆನ್ನು. ಹಿಂದೆ ಹುಡುಗ, ಅವನು ಸೋಫಾದ ತುದಿಯಲ್ಲಿ ಕೂತು ಮೊಬೈಲಿನೊಳಗೆ ಮುಖ ಇಳಿಸಿದ. ಬರಿಗೈಯಲ್ಲಿ ಬರಬಾರದೆಂದು ಆಕೆ ತಂದಿದ್ದ ಬಾಳೆಹಣ್ಣು, ಹೂವು, ಕೆಂಪಗೆ ಹೊಳೆಯುವ ದಾಳಿಂಬೆಗಳನ್ನು ತಟ್ಟೆಯಲ್ಲಿಟ್ಟು, ನೇರವಾಗಿ ನನ್ನನ್ನೇ ಹಿಡಿದರು.

"ನೀವೇ ಅಲ್ವಾ ಮೇಡಂ ಗ್ರೀಕ್ ಓದಿರೋದು? ಆ ದೇವರು ಯಮಾನೋ ಅಲ್ವೋ, ಒಂದೇ ಮಾತಲ್ಲಿ ಹೇಳ್ಬಿಡಿ."

ಸುಳ್ಳು ಬೇಕಿರಲಿಲ್ಲ. ಭೂಮಿಯೊಳಗಿನ ಚಿನ್ನ, ಬೆಳ್ಳಿ, ಮೊಳಕೆಯೊಡೆಯುವ ಕಾಳು, ಎಲ್ಲಕ್ಕೂ ಅವನೇ ಒಡೆಯ, ಅದಕ್ಕೇ ಗ್ರೀಕರು ಅವನನ್ನು ಸಿರಿವಂತ ಎಂದೂ ಕರೆಯುತ್ತಿದ್ದರು ಎಂದೆ. ನಮ್ಮ ಲೆಕ್ಕದಲ್ಲಿ ಅರ್ಧ ಯಮ, ಅರ್ಧ ಕುಬೇರ.

"ಕುಬೇರ ಅನ್ನಿ ಮತ್ತೆ!" ಆಕೆಯ ಬೆನ್ನು ಸೋಫಾಕ್ಕೆ ಒರಗಿತು. ಎದುರು ಮನೆಯಾಕೆ ಉಸಿರು ಬಿಟ್ಟು ಕಾಫಿ ತರಲು ಎದ್ದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮದುವೆಯ ಮಾತಿಗೆ ಬಂದವರು ಮದುವೆಯನ್ನು ಕೇಳದೆ ಬಿಡುತ್ತಾರೆಯೇ? "ಹೆಂಡ್ತಿ ಇದ್ದಾಳಾ ಅವ್ನಿಗೆ? ಯಾರ ಮನೆ ಹುಡ್ಗಿ?"

ಎದುರು ಮನೆಯಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ಹುಡುಗಿಯ ಕಡೆ ನೋಡಿದೆ. ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ನನ್ನ ಹಾಳು ಸಿಟ್ಟು ನೆತ್ತಿಗೇರಿತು. ಪೂರ್ತಿ ಹೇಳಿಯೇಬಿಟ್ಟೆ.

ಬೆಳೆಯ ದೇವತೆ ಡಿಮೀಟರಿಗೆ ಒಬ್ಬಳೇ ಮಗಳು, ಪರ್ಸೆಫೊನಿ. ಹುಡುಗಿ ಹೂವು ಕೀಳುತ್ತಿದ್ದಾಗ ನೆಲ ಬಿರಿಯಿತು, ಹೇಡೀಸ್ ರಥದಲ್ಲಿ ಎದ್ದು ಬಂದು ಎತ್ತಿಕೊಂಡು ಹೋದ. ಹುಡುಗಿಯ ಅಪ್ಪ ಜೀಯಸ್ ಮೊದಲೇ ಒಪ್ಪಿಗೆ ಕೊಟ್ಟಾಗಿತ್ತು. ತಾಯಿಗೊಂದು ಮಾತು ಹೇಳಿರಲಿಲ್ಲ, ಹುಡುಗಿಗಂತೂ ಇಲ್ಲವೇ ಇಲ್ಲ. ತಾಯಿ ಊಟ ಬಿಟ್ಟು ಭೂಮಿಯೆಲ್ಲ ಅಲೆದಳು. ಆಮೇಲೆ, ಮಗಳು ಬರುವ ತನಕ ನಾನು ಒಂದು ಕಾಳನ್ನೂ ಬೆಳೆಯಗೊಡುವುದಿಲ್ಲ ಎಂದು ಕೂತುಬಿಟ್ಟಳು. ಮನುಷ್ಯರು ಹಸಿದರು, ದೇವರುಗಳಿಗೆ ನೈವೇದ್ಯ ನಿಂತಿತು. ತಮ್ಮ ಹೊಟ್ಟೆಗೇ ಕುತ್ತು ಬಂದಾಗ ತಾನೆ ದೇವರುಗಳು ಪಂಚಾಯ್ತಿಗೆ ಓಡಿ ಬಂದದ್ದು! ಆದರೆ ಹೊರಡುವ ಮುಂಚೆ ಹೇಡೀಸ್ ಹುಡುಗಿಗೆ ದಾಳಿಂಬೆ ತಿನ್ನಿಸಿಬಿಟ್ಟಿದ್ದ. ಅಲ್ಲಿಯ ಹಣ್ಣು ತಿಂದವರು ಅಲ್ಲಿಗೇ ವಾಪಸು ಬರಬೇಕು. ಕೊನೆಗೆ, ವರ್ಷದಲ್ಲಿ ಕೆಲವು ತಿಂಗಳು ಗಂಡನ ಹತ್ತಿರ, ಉಳಿದ ತಿಂಗಳು ತಾಯಿಯ ಹತ್ತಿರ ಎಂದು ತೀರ್ಮಾನವಾಯಿತು.

ಹುಡುಗಿ ಬೆರಳಿಗೆ ಸುತ್ತಿದ್ದ ಸೆರಗು ಬಿಟ್ಟಳು.

"ಅತ್ತೆ," ಅಂದಳು, "ನಂಗೂ ಅಷ್ಟೇ ಬೇಕಿರೋದು."

ಕಾಫಿ ತಟ್ಟೆ ಹಿಡಿದು ಬಂದ ಎದುರು ಮನೆಯಾಕೆ ಮಗಳ ಮೇಲೆ ಹರಿಹಾಯ್ದಳು. "ಲೇ, ಸುಮ್ನಿರೇ!" ಹುಡುಗ ಮೊಬೈಲಿನಿಂದ ತಲೆ ಎತ್ತಿದ. ಆಯ್ತು, ಮುಗೀತು ಈ ಮದುವೆ ಎಂದುಕೊಂಡೆ. ಹುಡುಗನ ತಾಯಿ ಮಾತ್ರ ಹುಡುಗಿಯ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಆ ತಾಯೀನ ಯಾರೂ ಬೈಲಿಲ್ವಾ ಮೇಡಂ? ಕೊಟ್ಟ ಹೆಣ್ಣನ್ನ ವಾಪಸ್ ಕೇಳ್ತಾಳಲ್ಲ ಅಂತ?"

"ಸಾಕು ಸುಮ್ನಿರು ಅಂತ ಒಬ್ಬರಾದ ಮೇಲೆ ಒಬ್ಬರು ಬಂದು ಹೇಳಿದ್ರು. ಅವಳು ಕಿವಿಗೆ ಹಾಕ್ಕೊಳ್ಳಲಿಲ್ಲ."

ಆಕೆ ಪಕ್ಕದಲ್ಲಿದ್ದ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. "ನಮ್ಮೂರು ಕೆ.ಆರ್. ಪುರದ ಹತ್ರ. ಹಲಸೂರಿಗೆ ಕೊಟ್ರು ನನ್ನ. ನಮ್ಮಮ್ಮ ಹಲಸೂರು ಮಾರ್ಕೆಟ್ಟಿಗೆ ಸೊಪ್ಪು ಮಾರೋಕೆ ಬರೋಳು. ಬುಟ್ಟಿ ಖಾಲಿ ಆದ್ಮೇಲೆ ನಮ್ಮ ಬೀದಿ ತುದೀಲಿ ನಿಂತ್ಕೊಂಡು ಮನೆ ಕಡೆ ನೋಡೋಳು. ಬಟ್ಟೆ ಒಣಗಾಕೋ ನೆಪದಲ್ಲಿ ನಾನು ಮಹಡಿ ಮೇಲಿಂದ ನೋಡೋಳು. ಒಳಗೆ ಬಾರಮ್ಮ ಅನ್ನೋ ಹಂಗಿರ್ಲಿಲ್ಲ, ನಮ್ಮತ್ತೆ ಅಂಥೋಳು. ಒಂದ್ ದಿನಾನಾದ್ರೂ ಬಾಗ್ಲು ಬಡಿದು ನನ್ ಮಗಳನ್ನ ಕಳ್ಸಿ ಅಂತ ಕೇಳ್ತಾಳೇನೋ ಅಂತ ಕಾದೆ. ಕೇಳಲೇ ಇಲ್ಲ ಕಣ್ರೀ. ಹೋಗೇಬಿಟ್ಲು." ಸೆರಗಿನಿಂದ ಮೂಗು ಒರೆಸಿಕೊಂಡು, ಇದ್ದಕ್ಕಿದ್ದಂತೆ ಎದುರು ಮನೆಯಾಕೆಯ ಮೇಲೆ ರೇಗಿದರು. "ನೀವೂ ಕೇಳ್ಲಿಲ್ವಲ್ರೀ! ನಾನು ಒಂದ್ ಮಾತಂದ್ರೆ ಹ್ಞೂಂ ಅಂದ್ಬಿಡೋದಾ?"

ಎದುರು ಮನೆಯಾಕೆ ಕಾಫಿ ತಟ್ಟೆ ಹಿಡಿದುಕೊಂಡೇ ಅಳತೊಡಗಿದಳು.

"ತಿಂಗಳಲ್ಲಿ ಒಂದ್ ವಾರ ಇಲ್ಲೇ ಇರ್ಲಿ" ಎಂದರು ಆಕೆ. ನಾನು ಬಾಯಿ ತೆರೆಯುವುದನ್ನು ಕಂಡು, "ನೀವ್ ಸುಮ್ನಿರಿ ಮೇಡಂ, ಗ್ರೀಕರ ಲೆಕ್ಕ ತೆಗೀಬೇಡಿ" ಎಂದು ಗದರಿದರು.

ಆಮೇಲೆ ಮುಂದಕ್ಕೆ ಬಗ್ಗಿ, ತಾವೇ ತಂದಿದ್ದ ದಾಳಿಂಬೆಗಳನ್ನೆಲ್ಲ ತಟ್ಟೆಯಿಂದ ಎತ್ತಿ ಮತ್ತೆ ತಮ್ಮ ಕೈಚೀಲಕ್ಕೆ ಹಾಕಿಕೊಂಡರು.

"ಬಾಳೆಹಣ್ಣಿಗೇನೂ ಇಲ್ವಲ್ಲ, ನಿಮ್ಮ ಗ್ರೀಕರಲ್ಲಿ?"

"ಏನೂ ಇಲ್ಲ. ಅವರ ಊರಲ್ಲಿ ಬಾಳೇನೇ ಇರ್ಲಿಲ್ಲ."

ಆಕೆ ಒಂದು ಹಣ್ಣು ಮುರಿದು, ಸಿಪ್ಪೆ ಅರ್ಧ ಸುಲಿದು ಹುಡುಗಿಯ ಕೈಗಿಟ್ಟರು. "ತಿನ್ನಮ್ಮ. ಬರೋದಾದ್ರೆ ನೀನಾಗೇ ಬಾ."